ಜೆಡ್ಡಾಕ್ಕೆ ಹೊರಟವರಿಗೆ, ಇಹ್ರಾಮ್ ಉಡುವ ಮುಂಚೆ

ರಜೆಗೆ ಬೆಂಗಳೂರಿಗೆ ಬಂದು ಫ್ರೇಜರ್ ಟೌನಿನ ಮನೆಯಲ್ಲಿ ಕೂತರೆ ಸಾಕು, ಜೆಡ್ಡಾಕ್ಕೆ ಹೊಸದಾಗಿ ಕೆಲಸಕ್ಕೆ ಹೊರಟ ಹುಡುಗರು ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಇಕಾಮಾ ಅನ್ನುವ ವಾಸದ ಪರವಾನಗಿ, ಬಾಡಿಗೆ, ಸಿಮ್ಮು ಎಲ್ಲ ಕೇಳಿಯಾದ ಮೇಲೆ ಕೊನೆಗೊಂದು ಪ್ರಶ್ನೆ: “ಭಾಯ್, ಅಲ್ಲಿಂದ ಮಕ್ಕಾ ಬರೀ 80 ಕಿಲೋಮೀಟರ್ ಅಂತಲ್ಲ, ಶುಕ್ರವಾರ ಹೋಗಿ ಉಮ್ರಾ ಮುಗಿಸಿ ಬರಬಹುದಾ?” ಬರಬಹುದು. ಉಮ್ರಾ ಅಂದರೆ ಹಜ್‌ನಂತೆ ನಿಗದಿತ ದಿನಗಳಿಲ್ಲದ, ಮಕ್ಕಾದ ಚಿಕ್ಕ ಯಾತ್ರೆ. ನಾನೂ ಮೊದಲ ಸಲ ಹಾಗೇ ಮುಗಿಸಿ ಬಂದವನು. ಮಾಡಿದ್ದೇನು ಅಂತ ಅರ್ಥವಾಗಿದ್ದು ಎಷ್ಟೋ ದಿನದ ಮೇಲೆ.

ಉಮ್ರಾ ನಿಯ್ಯತ್ತಿನಿಂದಲೇ, ಅಂದರೆ ಸಂಕಲ್ಪದಿಂದಲೇ, ವಿಮಾನ ಹತ್ತುವುದಾದರೆ ದೇವನಹಳ್ಳಿಯಲ್ಲೇ ಯಾತ್ರೆಯ ಉಡುಪಾದ ಇಹ್ರಾಮ್ ಉಟ್ಟುಬಿಡಿ. ಇಹ್ರಾಮ್ ಇಲ್ಲದೆ ದಾಟಬಾರದ ಮೀಖಾತ್ ಅನ್ನುವ ಗಡಿ ಜೆಡ್ಡಾದಲ್ಲಿ ಇಳಿಯುವ ಮೊದಲೇ ದಾಟಿಹೋಗುತ್ತದೆ. ಕೆಲಸಕ್ಕೆಂದೇ ಹೋಗಿ ಆಮೇಲೆ ಮನಸ್ಸು ಮಾಡಿದರೆ ಜೆಡ್ಡಾದ ಮನೆಯಿಂದಲೇ ಉಡಬಹುದು. ಗಂಡಸರಿಗೆ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ. ಹೆಂಗಸರಿಗೆ ಎಂದಿನ ಮೈಮುಚ್ಚುವ ಉಡುಪು, ಆದರೆ ನಿಕಾಬ್ ಇಲ್ಲ. ನಿಯ್ಯತ್ ಮಾಡಿದ ಮೇಲೆ ಅತ್ತರು, ಘಮಘಮ ಸೋಪು, ಉಗುರು ಕತ್ತರಿಸುವುದು ಎಲ್ಲ ಬಂದ್. ಲುಂಗಿ ಉಟ್ಟು ಬೆಳೆದವರಿಗೂ ಆ ಟವೆಲ್ ಬಟ್ಟೆ ಸೊಂಟದಲ್ಲಿ ನಿಲ್ಲುವುದಿಲ್ಲ, ಬೆಲ್ಟ್ ಕೊಳ್ಳಿ. ನಾನು ಕೊಳ್ಳದೆ, ಮೂರನೇ ಸುತ್ತಿನಿಂದ ಒಂದು ಕೈಯಲ್ಲಿ ಗಂಟು ಹಿಡಿದುಕೊಂಡೇ ಕಾಬಾಕ್ಕೆ ಸುತ್ತು ಬರುವ ತವಾಫ್ ಮಾಡಿದೆ. ಪಕ್ಕದಲ್ಲಿ ನಡೆಯುತ್ತಿದ್ದವರು ನಮ್ಮ ಸೂಪರ್‌ವೈಸರ್ ಅಂತ ಗೊತ್ತಾಗಿದ್ದು ಐದನೇ ಸುತ್ತಿನಲ್ಲಿ. ಹೆಣಕ್ಕೆ ಹೊದಿಸುವ ಕಫನ್‌ನಂಥ ಬಟ್ಟೆ ಎಂದು ಹಿರಿಯರು ಅನ್ನುವುದು ಸುಮ್ಮನೆ ಅಲ್ಲ.

ತವಾಫ್ ಅಂದರೆ, ಹಜರೆ ಅಸ್ವದ್ ಎಂಬ ಕಪ್ಪು ಕಲ್ಲು ಇರುವ ಮೂಲೆಯಿಂದ ಶುರು ಮಾಡಿ, ಕಾಬಾ ಎಡಕ್ಕಿರುವಂತೆ 7 ಸುತ್ತು. ಆ ಕಲ್ಲನ್ನು ಮುಟ್ಟಲೇಬೇಕೆಂದು ನೂಕಾಡಬೇಡಿ, ದೂರದಿಂದ ಕೈ ತೋರಿಸಿದರೆ ಸಾಕು.

ಆಮೇಲಿನ ಸಯೀಯನ್ನೇ ನಮ್ಮವರು ಅವಸರದಲ್ಲಿ ಹಾಳುಮಾಡುವುದು. ಸಫಾ ಗುಡ್ಡದಿಂದ ಶುರು ಮಾಡಿ ಮರ್ವಾ ಗುಡ್ಡದ ನಡುವೆ, ಹೋಗುವುದು ಒಂದು, ಬರುವುದು ಒಂದು ಎಂಬ ಲೆಕ್ಕದಲ್ಲಿ 7 ಸಲ ನಡಿಗೆ, ಒಟ್ಟು 3 ಕಿಲೋಮೀಟರಿಗೂ ಹೆಚ್ಚು. ಈಗ ಏಸಿ, ನುಣುಪು ಕಲ್ಲಿನ ನೆಲ. ಅಂದು ಬೋಳು ಗುಡ್ಡ. ಇಬ್ರಾಹೀಮ್ ಪೈಗಂಬರರ ಪತ್ನಿ ಬೀವಿ ಹಾಜಿರಾ, ನೀರಿಲ್ಲದೆ ಅಳುವ ಕೂಸು ಇಸ್ಮಾಯೀಲರನ್ನು ಮಲಗಿಸಿ, ಯಾರಾದರೂ ಕಾಣುತ್ತಾರಾ ಎಂದು ಎರಡೂ ಗುಡ್ಡ ಹತ್ತಿಳಿದರು. ಮಧ್ಯದ ತಗ್ಗಿನಲ್ಲಿ ಓಡಿದರು. ನೀರು ಚಿಮ್ಮಿದ್ದು ಕೂಸಿನ ಬಳಿ, ಅದೇ ಝಮ್‌ಝಮ್. ಆ ತಗ್ಗಿನ ಜಾಗಕ್ಕೆ ಈಗ ಹಸಿರು ದೀಪ. ಅಲ್ಲಿ ಗಂಡಸರು ಓಡಬೇಕು, ಹೆಂಗಸರು ನಡೆಯಬೇಕು. ಅಮ್ಮಿಯನ್ನು ಕರೆದುಕೊಂಡು ಹೋಗಿದ್ದಾಗ ಮಂಡಿನೋವಿದ್ದರೂ ಗಾಲಿಕುರ್ಚಿ ಬೇಡ ಅಂದರು. ದೀಪದ ಕೆಳಗೆ ನಿಂತು ಕೇಳಿದರು: “ಓಡಿದ್ದು ಹೆಂಗಸಲ್ವೇನೋ? ನೀವ್ಯಾಕೆ ಓಡ್ತೀರಿ?” ನನ್ನ ಹತ್ತಿರ ಉತ್ತರವಿರಲಿಲ್ಲ. ಓಡಿದೆ.

ಹಜ್ ಬೇರೆ ಲೆಕ್ಕ. ಇಕಾಮಾ ಇದ್ದರೂ ಸೌದಿ ಸರ್ಕಾರದ ನುಸುಕ್ ಆಪ್‌ನಲ್ಲಿ ಪರ್ಮಿಟ್ ಬೇಕು. ಯಾರೋ ಕಳ್ಳದಾರಿ ತೋರಿಸುತ್ತಾರೆ, ನಂಬಬೇಡಿ, ದಂಡ, ಗಡೀಪಾರು ಎರಡೂ ಇವೆ. ಊರಿನಿಂದ ಹೋಗುವ ನಿಮ್ಮ ಹಿರಿಯರಿಗೆ ಹೆಗಡೆ ನಗರದ ಹಜ್ ಭವನ ಇದೆ.

ದುಲ್‌ಹಜ್ ತಿಂಗಳ 8ಕ್ಕೆ ಮಿನಾದ ಟೆಂಟು. 9ಕ್ಕೆ ಅರಫಾತ್, ಅದು ತಪ್ಪಿದರೆ ಹಜ್ಜೇ ಇಲ್ಲ. ಅಲ್ಲಿ ಸುತ್ತುವುದಿಲ್ಲ, ಓಡುವುದಿಲ್ಲ, ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೆ ದುವಾ ಅಷ್ಟೇ. ಕನ್ನಡದಲ್ಲೇ ಕೇಳಿಕೊಳ್ಳಿ, ಅಡ್ಡಿಯಿಲ್ಲ. ರಾತ್ರಿ ಮುಝ್ದಲಿಫಾದ ಬಯಲಿನಲ್ಲಿ ಚಾಪೆ ಹಾಸಿ, ಕಡಲೆಕಾಳಿಗಿಂತ ತುಸು ದಪ್ಪನೆಯ ಕಲ್ಲು ಆರಿಸಿ, ಖಾಲಿ ನೀರಿನ ಬಾಟಲಿಗೆ ತುಂಬಿಕೊಳ್ಳಿ. ಇವು ಮಿನಾದಲ್ಲಿ ಶೈತಾನನ ಗುರುತಿನ ಕಂಬಗಳಿಗೆ ಎಸೆಯಲು: 10ಕ್ಕೆ 7, ಮುಂದಿನ ಎರಡು ದಿನ 21ರಂತೆ, ಒಟ್ಟು 49. ಮಗನನ್ನು ಬಲಿಗೆ ಕರೆದೊಯ್ಯುವಾಗ ಶೈತಾನ ತಡೆದಾಗ ಇಬ್ರಾಹೀಮರು ಹೊಡೆದ ಕಲ್ಲಿನ ನೆನಪು ಇದು. ಸಿಟ್ಟಿಗೆದ್ದು ಚಪ್ಪಲಿ ಎಸೆಯುವವರೂ ಇರುತ್ತಾರೆ, ಬರಿಗಾಲಲ್ಲಿ ಟೆಂಟಿಗೆ ವಾಪಸ್ ನಡೆಯುವವರೂ ಅವರೇ.

ಖುರ್ಬಾನಿಗೆ ಕೂಪನ್ ಕೊಂಡರಾಯಿತು. ಬೆಂಗಳೂರಿನಲ್ಲಿ ಬಕ್ರೀದ್ ಸಾಮಾನ್ಯವಾಗಿ ಮರುದಿನ. ನೀವು ತಲೆ ಬೋಳಿಸಿಕೊಂಡು ವಿಡಿಯೋ ಕಾಲ್ ಮಾಡುವ ಹೊತ್ತಿಗೆ ಮನೆಯಲ್ಲಿ ಇನ್ನೂ ಕುರಿಗೆ ಸೊಪ್ಪು ಹಾಕುತ್ತಿರುತ್ತಾರೆ.