ಸೊಸೈಟಿ ಪಾರ್ಕಿಂಗ್‌ನಲ್ಲಿ ಕಾರು ಎತ್ತುವ ಮುಂಚೆ

ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆ ಒಂದು ಕತ್ತರಿ ಜ್ಯಾಕ್ ಬರುತ್ತದಲ್ಲ, ಅದನ್ನು ಕೊಟ್ಟಿರುವುದು ದಾರಿಯಲ್ಲಿ ಪಂಕ್ಚರ್ ಆದರೆ ಟೈರ್ ಬದಲಿಸಲಿಕ್ಕೆ. ಅದರ ಮೇಲೆ ಕಾರು ನಿಲ್ಲಿಸಿಕೊಂಡು ರಿಪೇರಿಗೆ ಕೂತರೆ ಏನಾಗುತ್ತದೆ ಅಂತ ನನಗೆ ಆರು ವರ್ಷದ ಹಿಂದೆ ಗೊತ್ತಾಯಿತು.

ನಾವಿರುವುದು ಪುಣೆಯ ಧಾಯರಿಯಲ್ಲಿ. ದೀಪಾವಳಿಗೆ ಹುಬ್ಬಳ್ಳಿಗೆ ಹೊರಡುವುದಿತ್ತು, ದಾರಿಯಲ್ಲಿ ಖಂಬಾಟ್ಕಿ ಘಾಟ್ ಇದೆ, ಬ್ರೇಕ್ ಚೆನ್ನಾಗಿರಲಿ ಅಂತ ಮುಂದಿನ ಪ್ಯಾಡ್ ನಾನೇ ಬದಲಿಸಲು ಕೂತೆ. ಹ್ಯಾಂಡ್‌ಬ್ರೇಕ್ ಎಳೆದಿದ್ದೆ. ಗೇರ್‌ಗೂ ಹಾಕಿದ್ದೆ. ಮುಂದಿನ ಎಡಗಡೆ ಎತ್ತಿ ಟೈರ್ ಬಿಚ್ಚಿದ್ದೆ. ಮೇಲಿನ ಮಹಡಿಯ ಕಾಕಾ, ಜಮಖಂಡಿ ಕಡೆಯವರು, ಹಾಲು ತರಲು ಹೊರಟವರು ನಿಂತು ನೋಡಿದರು. "ತಮ್ಮಾ, ಆ ಟೈರ್ ಯಾಕ ಗ್ವಾಡಿಗೆ ಆನಿಸಿ ಇಟ್ಟೀ? ಗಾಡಿ ಕೆಳಗ ತಳ್ಳು ಅದನ್ನ" ಅಂದರು. ತಳ್ಳಿದೆ. ಹತ್ತು ನಿಮಿಷ ಆಗಿರಲಿಲ್ಲ, ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್‌ನ ಬಿಗಿಯಾಗಿದ್ದ ಬೋಲ್ಟ್ ಜಗ್ಗಿದ ಕೂಡಲೇ ಕಾರು ಒಂದು ಗೇಣು ಹಿಂದಕ್ಕೆ ಉರುಳಿ, ಜ್ಯಾಕ್ ಮಗುಚಿ, ಬಾಗಿಲ ಕೆಳಗಿನ ಅಂಚು ಆ ಟೈರ್ ಮೇಲೆ ಬಂದು ಕೂತಿತು. ನನ್ನ ಬಲಗೈ ಅಲ್ಲೇ ಪಕ್ಕದಲ್ಲಿತ್ತು.

ಗೇರ್‌ನಲ್ಲಿದ್ದ ಕಾರು ಹೇಗೆ ಉರುಳಿತು? ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದಿನ ಕೆಲಸವೆಲ್ಲ ಸುಲಭ. ನಮ್ಮ ಚಿಕ್ಕ ಕಾರುಗಳು ಬಹುತೇಕ ಮುಂದಿನ ಚಕ್ರದಿಂದ ಓಡುತ್ತವೆ. ಗೇರ್ ಹಿಡಿಯುವುದು ಆ ಮುಂದಿನ ಎರಡು ಚಕ್ರಗಳನ್ನು ಮಾತ್ರ, ಅದೂ ಎರಡೂ ನೆಲದ ಮೇಲಿದ್ದಾಗ. ಒಂದನ್ನು ಎತ್ತಿದಿರಿ ಅಂದರೆ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನಿಂದಾಗಿ ಗಾಳಿಯಲ್ಲಿರುವ ಕಡೆ ಒಂದು ದಿಕ್ಕಿಗೆ ಸುಮ್ನೆ ತಿರುಗುತ್ತದೆ, ನೆಲದಲ್ಲಿರುವ ಚಕ್ರ ಇನ್ನೊಂದು ದಿಕ್ಕಿಗೆ ಉರುಳುತ್ತದೆ. ಗೇರ್ ಇದ್ದೂ ಇಲ್ಲದ ಹಾಗೆ. ಆಟೊಮ್ಯಾಟಿಕ್ ಕಾರಿನ ಪಾರ್ಕಿಂಗ್ ಗೇರಿಗೂ ಇದೇ ಕಥೆ. ಆಗ ಕಾರನ್ನು ಹಿಡಿಯುವುದು ಹ್ಯಾಂಡ್‌ಬ್ರೇಕ್ ಒಂದೇ, ಅದು ಬಹುತೇಕ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಇರುತ್ತದೆ. ನನ್ನ ಕಾರಿನಲ್ಲಿ ಅದರ ಕೇಬಲ್ ಸಡಿಲವಾಗಿತ್ತು. ಹಿಂದಿನ ಚಕ್ರ ಎತ್ತಿದರೆ ಲೆಕ್ಕ ತಿರುಗುಮುರುಗು. ಎತ್ತಿದ ಚಕ್ರಕ್ಕೆ ಹ್ಯಾಂಡ್‌ಬ್ರೇಕ್ ಇದ್ದರೂ ಪ್ರಯೋಜನ ಇಲ್ಲ, ಬ್ರೇಕ್ ಡ್ರಮ್ ಬಿಚ್ಚಬೇಕಾದರೆ ಹ್ಯಾಂಡ್‌ಬ್ರೇಕ್ ಇಳಿಸಲೇಬೇಕು, ಆಗ ಕಾರು ನಿಂತಿರುವುದು ಗೇರ್ ಮೇಲೆ.

ಅದಕ್ಕೇ ಚಕ್ರಕ್ಕೆ ಅಡ್ಡ ಕೊಡಬೇಕು ಅನ್ನುವುದು. ಹ್ಯಾಂಡ್‌ಬ್ರೇಕ್, ಗೇರ್ ಎರಡೂ ಹಾಕಿ, ಆದರೆ ನಂಬುವುದು ಅಡ್ಡವನ್ನು. ಮುಂದೆ ಎತ್ತುವಾಗ ಹಿಂದಿನ ಎರಡೂ ಚಕ್ರಕ್ಕೆ, ಹಿಂದೆ ಎತ್ತುವಾಗ ಮುಂದಿನ ಎರಡಕ್ಕೆ, ಪ್ರತಿ ಚಕ್ರದ ಹಿಂದೆ ಮುಂದೆ ಎರಡೂ ಕಡೆ, ಟೈರಿಗೆ ಒತ್ತಿ ಕೂರುವ ಹಾಗೆ. ರಬ್ಬರಿನ ಅಡ್ಡಗಳು ಪುಣೆಯ ನಾನಾ ಪೇಠ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕೇಳಿ. ಸಿಗಲಿಲ್ಲವೋ, ಬಡಗಿ ಹತ್ತಿರ ಗಟ್ಟಿ ಮರದ ತುಂಡನ್ನು ಓರೆಯಾಗಿ ಕೊಯ್ಯಿಸಿಕೊಳ್ಳಿ. ದುಂಡನೆ ಕಲ್ಲು ಬೇಡ, ಜಾರುತ್ತದೆ.

ಇನ್ನು ನೆಲ. ನಮ್ಮ ಕಡೆ ಸೊಸೈಟಿಗಳ ಪಾರ್ಕಿಂಗ್ ಕಣ್ಣಿಗೆ ಸಮತಟ್ಟಾಗಿ ಕಂಡರೂ ಮಳೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ನೆಲದ ಮೇಲೆ ಒಂದು ಲೋಟ ನೀರು ಸುರಿದು ನೋಡಿ, ಓಡಿದರೆ ಜಾಗ ಬದಲಿಸಿ. ಪೇವರ್ ಬ್ಲಾಕ್ ಹಾಸಿದ್ದರೆ ಇನ್ನೊಂದು ತೊಂದರೆ ಇದೆ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಚಕ್ರವಿರುವ ಟ್ರಾಲಿ ಜ್ಯಾಕ್‌ನ ತಲೆ ನೇರವಾಗಿ ಮೇಲೆ ಹೋಗುವುದಿಲ್ಲ, ಬಿಲ್ಲಿನ ಹಾಗೆ ಬಾಗಿ ಏರುತ್ತದೆ. ಆದ್ದರಿಂದ ಎತ್ತುವಾಗ ಜ್ಯಾಕ್ ತಾನೇ ಸ್ವಲ್ಪ ಉರುಳಿ ಕಾರಿನ ಕೆಳಗೆ ಸರಿಯಬೇಕು. ಬ್ಲಾಕಿನ ಸಂದಿಗೆ ಅದರ ಸಣ್ಣ ಕಬ್ಬಿಣದ ಗಾಲಿ ಸಿಕ್ಕಿಕೊಂಡರೆ ಜ್ಯಾಕ್ ಸರಿಯುವುದಿಲ್ಲ, ಬದಲಿಗೆ ಅದರ ತಲೆ ಕಾರಿನ ತಳದಲ್ಲಿ ಜಾರುತ್ತದೆ ಅಥವಾ ಕಾರನ್ನೇ ಎಳೆಯುತ್ತದೆ. 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆ ಹಾಸಿಕೊಂಡು ಅದರ ಮೇಲೆ ಜ್ಯಾಕ್ ಇಡಿ, ಅದು ಉರುಳುವಷ್ಟು ಉದ್ದ ಇರಲಿ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಮಾಡುವವರಿಗೂ ಹಲಗೆ ಬೇಕು. ಏಪ್ರಿಲ್ ಮೇ ಬಿಸಿಲಿಗೆ ಡಾಂಬರು ಮೆತ್ತಗಾಗಿ, ಎತ್ತಿದ ಕಾರಿನ ಕೆಳಗೆ ಇಡುವ ಜ್ಯಾಕ್ ಸ್ಟ್ಯಾಂಡಿನ ಕಾಲು ಒಳಗೆ ಇಳಿಯುತ್ತದೆ. ಮಣ್ಣಿನ ಮೇಲೆ, ಹುಲ್ಲಿನ ಮೇಲೆ ಬೇಡವೇ ಬೇಡ.

ಸಾಮಾನು ಏನೇನು? 2 ಅಥವಾ 3 ಟನ್‌ನ ಟ್ರಾಲಿ ಜ್ಯಾಕ್, ಒಂದು ಜೊತೆ ಜ್ಯಾಕ್ ಸ್ಟ್ಯಾಂಡ್, ಅಡ್ಡ, ಹಲಗೆ, ಕಣ್ಣಿಗೆ ಕನ್ನಡಕ. ಕೆಳಗೆ ಮಲಗಿದಾಗ ತುಕ್ಕು, ಮಣ್ಣು ನೇರ ಕಣ್ಣಿಗೇ ಬೀಳುತ್ತದೆ. ಪುಣೆಯ ಹಳೇ ಸಾಮಾನಿನ ಸಂತೆ ಜುನಾ ಬಜಾರ್‌ನಲ್ಲಿ ಪಾನಾ (ಸ್ಪ್ಯಾನರ್), ಸಾಕೆಟ್ ಧಾರಾಳವಾಗಿ ಕೊಳ್ಳಿ, ನಾನೂ ಕೊಂಡಿದ್ದೇನೆ. ಹಳೆಯ ಹೈಡ್ರಾಲಿಕ್ ಜ್ಯಾಕ್ ಮಾತ್ರ ಅಲ್ಲಿ ಕೊಳ್ಳಬೇಡಿ. ಎಣ್ಣೆಯನ್ನು ಹಿಡಿದಿಡುವುದು ಒಳಗಿನ ರಬ್ಬರ್ ಸೀಲ್‌ಗಳು, ಅವು ಸವೆದಿವೆಯೋ ಇಲ್ಲವೋ ಹೊರಗಿಂದ ಕಾಣುವುದಿಲ್ಲ. ಹೊಸ ಜ್ಯಾಕ್ ಆದರೂ ಅದರ ಕೆಲಸ ಕಾರು ಎತ್ತುವುದಷ್ಟೇ. ಎತ್ತಿದ ಕಾರನ್ನು ಹೊತ್ತು ನಿಲ್ಲುವುದು ಸ್ಟ್ಯಾಂಡಿನ ಕೆಲಸ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಜೋಡಿಸಿ ಸ್ಟ್ಯಾಂಡ್ ಮಾಡಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಅವು ಬಿರುಕು ಬಿಡುವ ಮುಂಚೆ ಸುಳಿವು ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ.

ಜ್ಯಾಕ್ ಎಲ್ಲಿಗೆ ಕೊಡಬೇಕು ಅನ್ನುವುದನ್ನು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಸಮೇತ ಹಾಕಿರುತ್ತಾರೆ. ಸಾಮಾನ್ಯವಾಗಿ ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗೆ ಇಳಿಬಿದ್ದಿರುವ ತಗಡಿನ ಅಂಚಿನಲ್ಲಿ, ಎರಡು ಸಣ್ಣ ಕಚ್ಚುಗಳ ನಡುವೆ. ಬೆರಳಾಡಿಸಿದರೆ ಸಿಗುತ್ತದೆ. ಟ್ರಾಲಿ ಜ್ಯಾಕ್‌ನ ದುಂಡು ತಲೆ ಆ ಅಂಚನ್ನು ಮಡಚಿಬಿಡುತ್ತದೆ, ಆದ್ದರಿಂದ ನಡುವೆ ಸೀಳಿರುವ ರಬ್ಬರ್ ಬಿಲ್ಲೆ ಇಡಿ. ಆಯಿಲ್ ಚೇಂಬರ್, ಸೈಲೆನ್ಸರ್, ಪ್ಲಾಸ್ಟಿಕ್ ಅಂಚು, ಬರೀ ತಗಡಿನ ನೆಲ, ಇವಕ್ಕೆ ಯಾವತ್ತೂ ಕೊಡಬೇಡಿ. ಎಲೆಕ್ಟ್ರಿಕ್ ಕಾರಾದರೆ ಬ್ಯಾಟರಿ ತಳದಲ್ಲೇ ಇರುತ್ತದೆ, ಪುಸ್ತಕ ಹೇಳಿದ ಜಾಗ ಬಿಟ್ಟು ಒಂದು ಇಂಚು ಆಚೆ ಈಚೆ ಬೇಡ. ಮುಂಬೈ ಅಥವಾ ಗೋವಾದಲ್ಲಿ ವರ್ಷಗಟ್ಟಲೆ ಓಡಿದ ಸೆಕೆಂಡ್ ಹ್ಯಾಂಡ್ ಕಾರು ನಿಮ್ಮದಾಗಿದ್ದರೆ ಮೊದಲು ಆ ಅಂಚನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ಸಮುದ್ರದ ಗಾಳಿಗೆ ಒಳಗಿಂದ ತುಕ್ಕು ಹಿಡಿದಿದ್ದರೆ ಪೊರೆಯ ಹಾಗೆ ಉದುರುತ್ತದೆ. ಅಂಥ ಕಾರನ್ನು ಮನೆಯಲ್ಲಿ ಎತ್ತಬೇಡಿ, ಗ್ಯಾರೇಜಿಗೆ ಒಯ್ಯಿರಿ.

ಇಲ್ಲಿ ಎಲ್ಲರಿಗೂ ಒಂದು ಪ್ರಶ್ನೆ ಬರುತ್ತದೆ. ಅಂಚಿಗೆ ಜ್ಯಾಕ್ ಕೊಟ್ಟ ಮೇಲೆ ಸ್ಟ್ಯಾಂಡ್ ಎಲ್ಲಿಡುವುದು, ಜಾಗ ಒಂದೇ ಅಲ್ವಾ? ಸರಿಯಾದ ದಾರಿ ಅಂದರೆ ಮುಂದಿನ ನಡುಭಾಗದಲ್ಲಿ, ಎಂಜಿನ್ ಕೆಳಗೆ ಅಡ್ಡಕ್ಕೆ ಇರುವ ಗಟ್ಟಿ ಕಬ್ಬಿಣದ ಫ್ರೇಮಿಗೆ ಜ್ಯಾಕ್ ಕೊಟ್ಟು ಎತ್ತುವುದು, ಎಡಬಲದ ಅಂಚುಗಳ ಕೆಳಗೆ ಸ್ಟ್ಯಾಂಡ್ ಇಡುವುದು. ಆ ನಡುಭಾಗಕ್ಕೆ ಕೊಡಬಹುದು ಅಂತ ನಿಮ್ಮ ಕಾರಿನ ಪುಸ್ತಕದಲ್ಲಿ ಇದ್ದರೆ ಮಾತ್ರ ಹೀಗೆ ಮಾಡಿ. ಇಲ್ಲದಿದ್ದರೆ ಒಂದೊಂದೇ ಬದಿ ಅಂಚಿಗೆ ಕೊಟ್ಟು ಎತ್ತಿ, ಸ್ಟ್ಯಾಂಡನ್ನು, ಚಕ್ರವನ್ನು ಕಾರಿಗೆ ಜೋಡಿಸುವ ಸಸ್ಪೆನ್ಷನ್ ತೋಳು ಬಂದು ಸೇರುವಲ್ಲಿನ ಗಟ್ಟಿ ಫ್ರೇಮಿನ ಕೆಳಗೆ ಇಡಬೇಕು. ಅದನ್ನು ಗುರುತಿಸಲು ಮೊದಲ ಸಲ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದು ಕೈಯಿಟ್ಟು ತೋರಿಸಿಕೊಳ್ಳಿ, ನಾನೂ ಹಾಗೇ ಕಲಿತಿದ್ದು.

ಎತ್ತುವಾಗ ಕಾರಿನೊಳಗೆ ಯಾರೂ ಇರಬಾರದು, ಸುತ್ತ ಮಕ್ಕಳು ಆಡುತ್ತಿರಬಾರದು. ಟೈರ್ ಬಿಚ್ಚುವುದಿದ್ದರೆ ನಟ್ಟುಗಳನ್ನು ಚಕ್ರ ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಜಗ್ಗಿದರೆ ಇಡೀ ಕಾರು ಅಲ್ಲಾಡುತ್ತದೆ. ಸ್ವಲ್ಪ ಎತ್ತಿ, ನಿಲ್ಲಿಸಿ, ಜ್ಯಾಕ್ ತಲೆ ನೆಟ್ಟಗೆ ಕೂತಿದೆಯಾ ನೋಡಿ, ಮತ್ತೆ ಎತ್ತಿ. ಸ್ಟ್ಯಾಂಡ್ ಎರಡೂ ಒಂದೇ ಎತ್ತರಕ್ಕೆ, ಎತ್ತರ ಹಿಡಿದಿಡುವ ಹಲ್ಲು ಪೂರ್ತಿ ಕಚ್ಚಿರಬೇಕು, ಪಿನ್ ಇದ್ದರೆ ಹಾಕಿ. ಕಾರನ್ನು ನಿಧಾನ ಅದರ ಮೇಲೆ ಇಳಿಸಿ, ಜ್ಯಾಕನ್ನು ತೆಗೆಯದೆ ತಾಗಿಯೂ ತಾಗದ ಹಾಗೆ ಅಲ್ಲೇ ಬಿಡಿ. ಬಿಚ್ಚಿದ ಟೈರನ್ನು ಅಂಚಿನ ಕೆಳಗೆ ಮಲಗಿಸಿ. ಆಮೇಲೆ ಪಕ್ಕದಲ್ಲಿ ನಿಂತು, ಎರಡೂ ಕೈ ಕೊಟ್ಟು ಕಾರನ್ನು ಗಟ್ಟಿಯಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಸ್ಟ್ಯಾಂಡ್ ಕದಲಲಿಲ್ಲ ಅಂದ ಮೇಲೆಯೇ ಕೆಳಗೆ ಹೋಗಿ, ಮನೆಯಲ್ಲಿ ಒಬ್ಬರಿಗೆ ಹೇಳಿಯೇ ಹೋಗಿ.

ಇಳಿಸುವಾಗ ಜ್ಯಾಕ್‌ನ ವಾಲ್ವ್ ಕೂದಲೆಳೆಯಷ್ಟೇ ತಿರುಗಿಸಿ, ಪೂರ್ತಿ ತಿರುಗಿಸಿದರೆ ಕಾರು ದಪ್ಪನೆ ಬೀಳುತ್ತದೆ. ನಟ್ಟುಗಳನ್ನು ಎದುರುಬದುರು ಬಿಗಿ ಮಾಡುತ್ತಾ ಬನ್ನಿ, ಕೊನೆಯ ಬಿಗಿ ಚಕ್ರ ನೆಲ ಮುಟ್ಟಿದ ಮೇಲೆ. ಎಷ್ಟು ಬಿಗಿ ಅನ್ನುವುದು ಪುಸ್ತಕದಲ್ಲಿರುತ್ತದೆ. ಪಾನಾ ಮೇಲೆ ಕಾಲಿಟ್ಟು ಜಿಗಿಯುವವರನ್ನು ನೋಡಿದ್ದೇನೆ, ಅದರಿಂದ ಬೋಲ್ಟಿನ ಮರೆ (ಥ್ರೆಡ್) ಹಾಳಾಗುತ್ತದೆ. 50 ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ನಾವು ಊರಿಗೆ ಹೋಗುವಾಗ ಸಾತಾರಾದಲ್ಲಿ ಚಹಾ, ಉಪ್ಪಿಟ್ಟಿಗೆ ನಿಲ್ಲುತ್ತೇವೆ, ಎಲ್ಲರೂ ತಿಂದು ಏಳುವ ಹೊತ್ತಿಗೆ ಚಕ್ರ ತಣ್ಣಗಾಗಿರುತ್ತದೆ, ನಾನು ಪಾನಾ ತೆಗೆದು ನಾಲ್ಕೂ ನಟ್ಟು ನೋಡಿ ಹೊರಡುತ್ತೇನೆ.