ಡೆನ್ಮಾರ್ಕ್ ಕುರ್ಚಿ ಇಷ್ಟಾನಾ? ಮೊದಲು ಬೋರಲು ಹಾಕಿ ನೋಡಿ

ಕುರ್ಚಿ ಕೊಳ್ಳಲು ಹೋದವರು ಮೊದಲು ಕೂತು ನೋಡುತ್ತಾರೆ. ನಾನು ಮೊದಲು ಬೋರಲು ಹಾಕುತ್ತೇನೆ. ಸರ್ವಿಸ್ ಪೂರ್ತಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕಳೆದವನು. ಎರಡು ಭಾಗ ಎಲ್ಲಿ ಸೇರುತ್ತದೋ ಅಲ್ಲಿಗೇ ಕಣ್ಣು ಹೋಗುತ್ತದೆ. ಡೆನ್ಮಾರ್ಕ್, ಸ್ವೀಡನ್, ಫಿನ್‌ಲ್ಯಾಂಡ್ ಕಡೆಯ ಹಳೇ ಪೀಠೋಪಕರಣ ನನಗೆ ಹಿಡಿಸಿದ್ದೂ ಅದಕ್ಕೇ. ಬಳ್ಳಿ ಇಲ್ಲ, ಹೂವಿಲ್ಲ, ಸಿಂಹದ ಪಾದ ಇಲ್ಲ. ಜಾಯಿಂಟ್ ಕೆಟ್ಟಿದ್ದರೆ ಮುಚ್ಚಿಡಲು ಕೆತ್ತನೆಯೂ ಇಲ್ಲ.

ಡೆನ್ಮಾರ್ಕ್‌ನ ಕುರ್ಚಿ ವಿನ್ಯಾಸಕ ಹ್ಯಾನ್ಸ್ ವೆಗ್ನರ್ ಅವರನ್ನೇ ತಗೊಳ್ಳಿ. ಚಪ್ಪಲಿ ಹೊಲಿಯುವವರ ಮಗ. ಹುಡುಗನಾಗಿದ್ದಾಗಲೇ ಮರಗೆಲಸ ಕಲಿತವರು, ವಿನ್ಯಾಸ ಓದಿದ್ದು ಆಮೇಲೆ. 500ಕ್ಕೂ ಜಾಸ್ತಿ ಕುರ್ಚಿ ವಿನ್ಯಾಸ ಮಾಡಿದರು. 1949ರ ವಿಶ್‌ಬೋನ್ ಕುರ್ಚಿಯಲ್ಲಿ ಕೈ ಊರುವ ಜಾಗ, ಬೆನ್ನು ಒರಗುವ ಜಾಗ ಎರಡೂ ಒಂದೇ ಬಗ್ಗಿಸಿದ ಮರ. ಸೀಟು ಹೆಣೆಯಲು ಸುಮಾರು 120 ಮೀಟರ್ ಕಾಗದದ ಹುರಿ ಬೇಕು. ಕಾಗದ ಅಂತ ನಗಬೇಡಿ, ದಶಕಗಟ್ಟಲೆ ಬಾಳುತ್ತದೆ.

ಈಗ ಮರದ ವಿಷಯ. ಡೆನ್ಮಾರ್ಕ್‌ನಲ್ಲಿ ತೇಗ ಬೆಳೆಯುವುದಿಲ್ಲ. 50-60ರ ದಶಕದಲ್ಲಿ ಅವರು ತೇಗ ತರಿಸಿಕೊಂಡಿದ್ದು ಥಾಯ್ಲೆಂಡ್, ಬರ್ಮಾ ಕಡೆಯಿಂದ. ನಮಗೆ ದಾಂಡೇಲಿ, ಶಿವಮೊಗ್ಗದ ಕಾಡಲ್ಲೇ ಇತ್ತು. ಆ ಕಾಲದಲ್ಲಿ ಬೆಂಗಳೂರಿನ ಆಫೀಸು, ಕ್ವಾರ್ಟರ್ಸ್, ಡಾಕ್ಟರ ಮನೆಗಳಿಗೆ ನಮ್ಮ ಬಡಗಿಗಳು ಅದೇ ಧಾಟಿಯಲ್ಲಿ ಕುರ್ಚಿ ಮಾಡಿದರು. ಕೆಳಗೆ ಹೋಗ್ತಾ ಸಣ್ಣಗಾಗುವ ಕಾಲು, ಬೆತ್ತದ ಬೆನ್ನು, ಓರೆಯಾದ ಕೈ. ಹಾಗಾಗಿ ನಾನು ಹೇಳುವುದು ಇಷ್ಟೇ: ಕೋಪನ್‌ಹೇಗನ್‌ನಿಂದ ತರಿಸೋಕೆ ಹೋಗಬೇಡಿ, ಇಲ್ಲೇ ಹುಡುಕಿ. ಆದರೂ ಅಸಲಿಯೇ ಬೇಕು ಅಂತಿದ್ದರೆ ಅಡಿಯಲ್ಲಿ ತಯಾರಕರ ಸುಟ್ಟ ಮುದ್ರೆ, ಇಲ್ಲವೇ ಡ್ಯಾನಿಷ್ ಫರ್ನಿಚರ್ ಮೇಕರ್ಸ್ ಕಂಟ್ರೋಲ್ ಎಂಬ ದುಂಡು ಗುರುತು ಇದೆಯಾ ನೋಡಿ. ಬ್ರೆಜಿಲ್ ರೋಸ್‌ವುಡ್‌ದಾದರೆ ಜಾಗ್ರತೆ. 1992ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬಿಗಿ ಕಡಿವಾಣವಿದೆ, ಕಾಗದಪತ್ರ ಇಲ್ಲದೆ ಮುಟ್ಟಬೇಡಿ.

ಎಲ್ಲಿ ಹುಡುಕೋದು? ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಗಳು, ಚಿಕ್ಕಪೇಟೆ ಕಡೆಯ ಸಂಡೇ ಬಜಾರ್. ಅದಕ್ಕಿಂತ ಒಳ್ಳೇದು ಮಲ್ಲೇಶ್ವರ, ಬಸವನಗುಡಿ, ಜಯನಗರದಲ್ಲಿ ಕೆಡವುತ್ತಿರುವ ಮನೆಗಳು. ಅಪಾರ್ಟ್‌ಮೆಂಟ್ ಕಟ್ಟಲು ಹಳೇ ಮನೆ ಬಿಟ್ಟುಕೊಡುವಾಗ ಕಿಟಕಿ, ಬಾಗಿಲ ಜೊತೆ ಕುರ್ಚಿಯೂ ಲಾರಿ ಏರುತ್ತದೆ. ಲಾರಿ ಬರೋ ಮುಂಚೆ ಮಾತಾಡಿ.

ಸಿಕ್ಕಿತು ಅನ್ನಿ. ಬೋರಲು ಹಾಕಿ, ಮೊಬೈಲ್ ಟಾರ್ಚ್ ಬಿಡಿ. ಕೆಳಗೆ ಬಿಳಿ ಹಾಳೆ ಹಾಸಿ ಕಾಲನ್ನು ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಇನ್ನೂ ಜೀವಂತ ಇದೆ, ಮನೆಗೆ ತರಬೇಡಿ. ಸ್ಕ್ರೂ ತಲೆ ನೋಡಿ: ಒಂದೇ ಸೀಳು ಇದ್ದರೆ ಹಳೇದಿರಬಹುದು, ನಕ್ಷತ್ರದ ಗುರುತಿದ್ದರೆ ಆಮೇಲೆ ಯಾರೋ ಕೈ ಹಾಕಿರುವ ಸಾಧ್ಯತೆ ಜಾಸ್ತಿ. ಎದುರುಬದುರು ಮೂಲೆ ಹಿಡಿದು ಮೆಲ್ಲಗೆ ತಿರುಚಿ. ಅಲ್ಲಾಡಿದರೆ ಹೆದರಬೇಡಿ. ಹಳೇ ಮೂಳೆ ಅಂಟು ಒಣಗಿರುತ್ತದೆ ಅಷ್ಟೇ. ಬಿಸಿನೀರಿಗೆ ಅದು ಮೆತ್ತಗಾಗುತ್ತದೆ. ಬಿಚ್ಚಿ, ಕೆರೆದು, ಹೊಸ ಅಂಟು ಹಾಕಿ ಕ್ಲ್ಯಾಂಪ್ ಬಿಗಿದು ರಾತ್ರಿಯಿಡೀ ಬಿಟ್ಟರೆ ಸರಿಹೋಗುತ್ತದೆ. ಆದರೆ ಅಲ್ಲಾಡುವ ಜಾಯಿಂಟಿಗೆ ಮೊಳೆ ಹೊಡೆದಿದ್ದರೆ ನಾನಂತೂ ವಾಪಸ್ ಇಟ್ಟು ಬರುತ್ತೇನೆ. ಮೊಳೆ ಒಳಗಿನ ಮರವನ್ನು ಸೀಳಿರುತ್ತದೆ.

ಸೈಡ್‌ಬೋರ್ಡ್, ಬೀರು ಥರದ್ದಾದರೆ ಅಂಚು ನೋಡಿ. ಮೇಲಿನ ಗೆರೆಗಳು ತುದಿಯಲ್ಲಿ ಇಳಿದು ಮುಂದುವರಿದರೆ ಗಟ್ಟಿ ಮರ. ಅಂಚಿನಲ್ಲಿ ಬೇರೆ ಪಟ್ಟಿ ಅಂಟಿಸಿದ್ದರೆ ಮೇಲಿರುವುದು ಬಹುಶಃ ವಿನಿಯರ್, ಅಂದರೆ ಬೇರೆ ಮರದ ಮೇಲೆ ಅಂಟಿಸಿದ ತೆಳು ಮರದ ಹಾಳೆ. ಅದು ಮೋಸ ಅಲ್ಲ, ಡೆನ್ಮಾರ್ಕ್‌ನವರೂ ಹಾಗೇ ಮಾಡುತ್ತಿದ್ದರು. ಅಪಾಯ ಇರೋದು ಪಾಲಿಶ್ ಮಾಡಿಸುವಾಗ. ವಿನಿಯರ್ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಸ್ಯಾಂಡಿಂಗ್ ಮೆಷಿನ್ ಎರಡು ಸುತ್ತು ಹೊಡೆದರೆ ಕೆಳಗಿನ ಮರ ಹಲ್ಲು ಕಿರಿಯುತ್ತದೆ, ಆಮೇಲೆ ದೇವರು ಬಂದರೂ ಆಗಲ್ಲ.

ಪಾಲಿಶ್‌ನವರ ಜೊತೆ ಮಾತು ಹೀಗೆ ಸಾಗುತ್ತದೆ:

"ಸಾರ್, ಮೆಲಮೈನ್ ಹೊಡೆದು ಕನ್ನಡಿ ಥರ ಮಾಡಿಕೊಡ್ತೀನಿ."

"ಬೇಡಪ್ಪ. ಎಣ್ಣೆ ಮಾತ್ರ."

"ಎಣ್ಣೆ ಹಚ್ಚಿದ್ರೆ ಶೈನಿಂಗೇ ಬರಲ್ಲ ಸಾರ್!"

"ಬರಬಾರದು ಅಂತಲೇ."

ಅವರ ಮುಖದಲ್ಲಿ ಅನುಕಂಪ ಕಾಣುತ್ತದೆ. ಪರವಾಗಿಲ್ಲ, ಎಣ್ಣೆ ನೀವೇ ಹಚ್ಚಬಹುದು. ಮೊದಲು ಸೋಪು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ. ಅರ್ಧ ಕೊಳೆ ಅಲ್ಲೇ ಹೋಗುತ್ತದೆ, ತೇಗದ ಜೇನು ಬಣ್ಣ ಮೇಲೆ ಬರುತ್ತದೆ. ಒಂದು ದಿನ ಒಣಗಲಿ. ಗಟ್ಟಿ ಮರಕ್ಕೆ ಮಾತ್ರ 220, ಆಮೇಲೆ 320 ನಂಬರಿನ ಉಪ್ಪುಕಾಗದ, ಗೆರೆ ಹೋದ ದಿಕ್ಕಿಗೇ ಉಜ್ಜಿ. ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಕಾಲು ಗಂಟೆ ಬಿಟ್ಟು, ಮೇಲೆ ಉಳಿದಿದ್ದನ್ನೆಲ್ಲ ಒರೆಸಿ ತೆಗೀರಿ. ಒರೆಸದಿದ್ದರೆ ಅಂಟಂಟು ಆಗಿ ಧೂಳು ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಬೆತ್ತ ಜೋತು ಬಿದ್ದಿದ್ದರೆ ತಕ್ಷಣ ಬದಲಿಸಬೇಡಿ. ಅಡಿಭಾಗಕ್ಕೆ ಬಿಸಿನೀರಿನ ಬಟ್ಟೆ ಒತ್ತಿ ನೆರಳಲ್ಲಿ ಒಣಗಿಸಿ. ಎಷ್ಟೋ ಸಲ ಬಿಗಿಯಾಗುತ್ತದೆ. ಹರಿದಿದ್ದರೆ ಹೆಣೆಯುವವರಿಗೆ "ಪ್ಲಾಸ್ಟಿಕ್ ವೈರ್ ಬೇಡ, ಬೆತ್ತವೇ ಬೇಕು" ಅಂತ ಮೊದಲೇ ಹೇಳಿ.

ಇನ್ನು ಮನೆಯಲ್ಲಿ ಇಡೋದು. ಥರ್ಟಿ ಫಾರ್ಟಿ ಸೈಟಿನ ಹಾಲ್‌ಗೆ ಇಂಥ ಕುರ್ಚಿ ಹೇಳಿ ಮಾಡಿಸಿದ್ದು. ಸಣ್ಣ ಕಾಲಿನ ಕೆಳಗೆ ನೆಲ ಕಾಣುತ್ತದೆ, ಕೋಣೆ ದೊಡ್ಡದು ಅನ್ನಿಸುತ್ತದೆ, ಪೊರಕೆಯೂ ಸಲೀಸಾಗಿ ಹೋಗುತ್ತದೆ. ರೆಡ್ ಆಕ್ಸೈಡ್ ನೆಲವಿದ್ದರೆ ನೀವು ಪುಣ್ಯವಂತರು. ಆದರೆ ಗೋಡೆಗೆ ಸಾಲಾಗಿ ಒತ್ತಿ ಡಾಕ್ಟರ ಶಾಪಿನ ಥರ ಇಡಬೇಡಿ. ಹಿಂಭಾಗವೂ ನೋಡಲಿಕ್ಕೇ ಮಾಡಿದ್ದು. ಮನೆಯಲ್ಲಿ ವಯಸ್ಸಾದವರಿದ್ದರೆ ಸೀಟಿನ ಎತ್ತರ ಅಳೆಯಿರಿ. 45 ಸೆಂಟಿಮೀಟರ್ ಸರಿ, ತುಂಬ ತಗ್ಗಿನ ಈಸಿ ಚೇರಿಂದ ನಮ್ಮನೆಯವಳು "ಎಬ್ಬಿಸ್ರೀ" ಅಂತ ಕೈ ಚಾಚುತ್ತಾಳೆ.

ಬಿಳಿ ಟ್ಯೂಬ್‌ಲೈಟ್ ಕೆಳಗೆ ಮಾತ್ರ ತೇಗ ಸತ್ತ ಹಾಗೆ ಕಾಣುತ್ತದೆ. ಡೆನ್ಮಾರ್ಕ್‌ನ ದೀಪ ವಿನ್ಯಾಸಕ ಪೌಲ್ ಹೆನ್ನಿಂಗ್ಸನ್ 1958ರಲ್ಲಿ ಮಾಡಿದ ಪಿಎಚ್5 ದೀಪದಲ್ಲಿ ಬಲ್ಬ್ ನೇರ ಕಣ್ಣಿಗೆ ಬೀಳದ ಹಾಗೆ ತಟ್ಟೆಗಳನ್ನು ಜೋಡಿಸಿದರು. ಆ ದೀಪ ದುಬಾರಿ. ಅದರ ಉಪಾಯ ಪುಕ್ಕಟೆ: ಮುಚ್ಚಳದ ಶೇಡ್, 2700 ಕೆಲ್ವಿನ್ ಹಳದಿ ಬಲ್ಬ್, ಊಟದ ಟೇಬಲ್‌ನಿಂದ ಸುಮಾರು 60 ಸೆಂಟಿಮೀಟರ್ ಮೇಲೆ. ಸೈಡ್‌ಬೋರ್ಡ್ ಮೇಲೆ ಒಂದೆರಡು ವಸ್ತು ಸಾಕು. ಡೆನ್ಮಾರ್ಕ್‌ನವರೇ ಆದ ಕಾಯ್ ಬೊಯೆಸನ್ 1951ರಲ್ಲಿ ಮಾಡಿದ ಮರದ ಕೋತಿಯನ್ನು ಜನ ಹುಡುಕಿಕೊಂಡು ಹೋಗುತ್ತಾರೆ. ನನ್ನ ಕೇಳಿದರೆ ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ ಅಲ್ಲಿ ಅಷ್ಟೇ ಚೆನ್ನಾಗಿ ಕೂರುತ್ತದೆ.

ಮಳೆಗಾಲದಲ್ಲಿ ಡ್ರಾಯರ್ ಬಿಗಿಯಾದರೆ ಉಜ್ಜುಗೊರಡು ತೆಗೀಬೇಡಿ. ಜಾರುವ ಅಂಚಿಗೆ ಮೇಣದಬತ್ತಿ ಉಜ್ಜಿ. ಬೇಸಿಗೆಗೆ ಮರ ಕುಗ್ಗಿ ತಾನೇ ಸಡಿಲವಾಗುತ್ತದೆ.