ನಿಮ್ಮ ಪುಸ್ತಕವನ್ನು ನೀವೇ ಅಚ್ಚಿಗೆ ಸಿದ್ಧಪಡಿಸುವುದು: ಡಿಟಿಪಿ ಅಂಗಡಿಯಿಂದ ಕೆಲವು ಮಾತು

ಹೋದ ಮಳೆಗಾಲದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಸಾಗರದ ನಮ್ಮ ಡಿಟಿಪಿ ಅಂಗಡಿಗೆ ಬಂದರು. ಕೊಡೆ ಮಡಿಸಿ ಮೂಲೆಗಿಟ್ಟು, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿದ್ದ ಒಂದು ಸಿಡಿಯನ್ನು ಮೇಜಿನ ಮೇಲಿಟ್ಟರು. 2004ರಲ್ಲಿ ಬೆರಳಚ್ಚು ಮಾಡಿಸಿದ ನಲವತ್ತು ಪ್ರಬಂಧಗಳು ಅದರಲ್ಲಿದ್ದವು. ಕಡತ ತೆರೆದರೆ ಪರದೆಯ ತುಂಬ ಚಿತ್ರವಿಚಿತ್ರ ಗುರುತುಗಳು. 'ಕನ್ನಡ' ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀರಿರುವ ಎ, ಅದರ ಪಕ್ಕದಲ್ಲಿ ಪೌಂಡಿನ ಚಿಹ್ನೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ತಂಗೀ, ನನ್ನ ಪುಸ್ತಕ ಎಲ್ಲಿ ಹೋಯಿತು?" ಎಂದರು.

ಪುಸ್ತಕ ಎಲ್ಲಿಗೂ ಹೋಗಿರಲಿಲ್ಲ. ಎರಡು ದಿನ ಕುಳಿತು ಅದಷ್ಟನ್ನೂ ಹೊರತೆಗೆದೆವು. ಹದಿನೆಂಟು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ, ನನ್ನದೇ ಕಥೆಗಳ ಎರಡು ಸಂಕಲನಗಳನ್ನೂ ಸ್ವಂತ ಖರ್ಚಿನಲ್ಲಿ ತಂದಿದ್ದೇನೆ. ಬರೆಯುವವರಿಗೆ ಯಾವ ತಂತ್ರಾಂಶ ಒಳ್ಳೆಯದು ಎಂದು ಯಾರೇ ಕೇಳಿದರೂ ಮೊದಲು ಹೇಳುವುದು ಒಂದೇ. ನಿಮ್ಮ ಅಕ್ಷರ ಯೂನಿಕೋಡ್‌ನಲ್ಲಿರಲಿ, ಮೊದಲ ಸಾಲಿನಿಂದ ಅಚ್ಚಿನ ಮನೆಯವರೆಗೂ ಹಾಗೆಯೇ ಉಳಿಯಲಿ. ಮಿಕ್ಕ ಸಲಕರಣೆಗಳನ್ನು ಬೇಕಾದಾಗ ಬದಲಾಯಿಸಬಹುದು.

ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡವೇ ಇಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ 128 ಮನೆಗಳ ಕೇರಿಯೊಂದಿದೆ. ಅಲ್ಲಿ 'ಕ' ಎಂದರೆ ಯಾವ ಯಂತ್ರದಲ್ಲಿಯೂ 'ಕ'. ನಿಮ್ಮ ಬಳಿ ಹಳೆಯ ಕಡತಗಳಿದ್ದರೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅರವಿಂದ ವಿ.ಕೆ. ಅವರು ಎಲ್ಲರಿಗೂ ತೆರೆದಿಟ್ಟಿರುವ ಆಸ್ಕಿ-ಯೂನಿಕೋಡ್ ಪರಿವರ್ತಕವನ್ನು (ಆಸ್ಕಿ ಎಂದರೆ ಆ ಹಳೆಯ ಫಾಂಟುಗಳ ಬಗೆ) ನಾನು ಬಹಳ ಬಳಸಿದ್ದೇನೆ. ಒಂದು ಎಚ್ಚರಿಕೆ ಬೇಕು. ಹಳೆಯ ಕಡತದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಮಾಲೆ ಮಾಡಿಬಿಡುತ್ತದೆ. ಮೇಷ್ಟ್ರ ಪ್ರಬಂಧಗಳಲ್ಲಿ ಅಂಥವು ಅರವತ್ತಕ್ಕೂ ಹೆಚ್ಚು ಸಿಕ್ಕವು. ಮೂಲವನ್ನು ಪಕ್ಕದಲ್ಲಿಟ್ಟುಕೊಂಡೇ ತಿದ್ದಬೇಕು. ಕಡತ ಕಳೆದುಹೋಗಿ ಅಚ್ಚಾದ ಹಾಳೆ ಮಾತ್ರ ಉಳಿದಿದ್ದರೆ, ಅದರ ಫೋಟೋವನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಚಿತ್ರದ ಕೆಳಗೆ ಪಠ್ಯ ಬರುತ್ತದೆ. ಬೆಳಕು ಸಮನಾಗಿದ್ದರೆ ಫಲಿತಾಂಶ ಚೆನ್ನಾಗಿರುತ್ತದೆ. ಒತ್ತಕ್ಷರಗಳನ್ನು ಮಾತ್ರ ಒಂದೊಂದಾಗಿ ನೋಡಲೇಬೇಕು.

ಈಗ ಹೊಸದಾಗಿ ಬರೆಯುವವರ ವಿಷಯ. ಕನ್ನಡ ಬೆರಳಚ್ಚಿನ ತಂತ್ರಾಂಶಗಳಲ್ಲಿ ನುಡಿಯನ್ನೇ ಬಳಸಿ, ಬರಹವನ್ನೇ ಬಳಸಿ, ಯೂನಿಕೋಡ್ ಆಯ್ಕೆ ಮಾಡಿಕೊಂಡರೆ ಸಾಕು. ನುಡಿ ಕನ್ನಡ ಗಣಕ ಪರಿಷತ್ತಿನದು. ಅದರ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಆ ವಿನ್ಯಾಸವನ್ನು ಕಲಿಯಲು ಒಂದು ವಾರ ಕೊಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಎಫ್ ಕೀಲಿ ಒತ್ತಿದರೆ ಮುಂದಿನ ವ್ಯಂಜನ ಒತ್ತಾಗಿ ಕೆಳಗಿಳಿಯುತ್ತದೆ. 'ಕನ್ನಡ' ಎಂಬುದು ಐದೇ ಹೊಡೆತ: ಕೆ, ಎನ್, ಎಫ್, ಎನ್, ಡಬ್ಲ್ಯೂ. ದಿನಕ್ಕೆ ಎರಡು ಸಾವಿರ ಪದ ಬರೆಯುವವರ ಬೆರಳಿಗೆ ಇದು ನಿಜವಾದ ಉಪಕಾರ. ಕೈನೋವು ಇರುವವರು, ನಡೆಯುತ್ತ ಯೋಚಿಸುವವರು ಗೂಗಲ್‌ನ ಧ್ವನಿ ಬೆರಳಚ್ಚನ್ನು ನೋಡಿ. ಕನ್ನಡಕ್ಕೆ ಅದು 2017ರಲ್ಲಿ ಬಂದಿತು. ಪೂರ್ಣವಿರಾಮ, ಉದ್ಧರಣ ಚಿಹ್ನೆಗಳನ್ನು ಆಮೇಲೆ ಕೈಯಲ್ಲಿಯೇ ಹಾಕಬೇಕಾಗುತ್ತದೆ, ಹಾಗಾಗಿ ಮೊದಲ ಕರಡಿಗೆ ಮಾತ್ರ ಅದು ಸಾಕು.

ಬರೆಯಲು ನನ್ನ ಆಯ್ಕೆ ಲಿಬ್ರೆ ಆಫೀಸ್ ರೈಟರ್. ಅದು ಉಚಿತ, ಹಳೆಯ ಕಂಪ್ಯೂಟರಿನಲ್ಲಿಯೂ ಓಡುತ್ತದೆ. ಮೊದಲ ದಿನವೇ ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಭಾಷೆಯ ವಿಭಾಗದಲ್ಲಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎಂಬುದಕ್ಕೆ ಗುರುತು ಹಾಕಿ ಕನ್ನಡವನ್ನು ಆರಿಸಿಕೊಳ್ಳಿ. ಈ ತಂತ್ರಾಂಶದಲ್ಲಿ ಇಂಗ್ಲಿಷಿಗೆ ಒಂದು ಫಾಂಟು, ಕನ್ನಡಕ್ಕೆ ಇನ್ನೊಂದು. ಶೈಲಿಯ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಅಳತೆಯನ್ನು ಬದಲಾಯಿಸಿ "ಅಕ್ಷರ ದೊಡ್ಡದಾಗುತ್ತಲೇ ಇಲ್ಲ" ಎಂದು ಫೋನ್ ಮಾಡುವವರು ವಾರಕ್ಕೊಬ್ಬರಾದರೂ ಇದ್ದಾರೆ. ಪಕ್ಕದ ಪೆಟ್ಟಿಗೆಯನ್ನು ಬದಲಾಯಿಸಿ, ಅಷ್ಟೇ. ಅಧ್ಯಾಯದ ಹೆಸರನ್ನು ಕೈಯಾರೆ ದಪ್ಪ ಮಾಡಬೇಡಿ, 'ಹೆಡಿಂಗ್ 1' ಶೈಲಿ ಕೊಡಿ. ಪರಿವಿಡಿ ತಾನಾಗಿಯೇ ಸಿದ್ಧವಾಗುತ್ತದೆ, ಮುಂದೆ ಇ-ಪುಸ್ತಕ ಮಾಡುವಾಗ ಅಧ್ಯಾಯಗಳು ತಾವಾಗಿಯೇ ಬೇರೆಯಾಗುತ್ತವೆ.

ಪದಗಳಿಗೆ ಅಲರ್ ನಿಘಂಟು ನನ್ನ ಬ್ರೌಸರಿನಲ್ಲಿ ಸದಾ ತೆರೆದಿರುತ್ತದೆ. ವಿ. ಕೃಷ್ಣ ಎಂಬವರು ದಶಕಗಳ ಕಾಲ ಕಟ್ಟಿದ ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ಕೋಶ ಅದು. 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಆ ದುಡಿಮೆಗೆ ನಾವು ಋಣಿಗಳು. ಆಡಳಿತದ ಪದ, ಪಾರಿಭಾಷಿಕ ಪದ ಬೇಕಾದರೆ ಸರ್ಕಾರದ ಪದಕಣಜವಿದೆ.

ಕಾಗುಣಿತ ಪರೀಕ್ಷಕವನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಮನೆ, ಮನೆಯ, ಮನೆಯಲ್ಲಿ, ಮನೆಯಲ್ಲಿದ್ದವರು, ಮನೆಯಲ್ಲಿದ್ದವರಿಗೂ ಎಂದು ಬೆಳೆಯುತ್ತಲೇ ಹೋಗುವ ನಮ್ಮ ಪದಗಳನ್ನು ಯಾವ ಪಟ್ಟಿ ಹಿಡಿದಿಡುತ್ತದೆ? ಸರಿಯಿರುವ ಪದದ ಕೆಳಗೂ ಕೆಂಪುಗೆರೆ ಬೀಳುತ್ತದೆ. ಹತ್ತು ಪುಟ ಕಳೆಯುವಷ್ಟರಲ್ಲಿ ನಿಜವಾದ ತಪ್ಪಿನ ಗೆರೆಯನ್ನೂ ಕಣ್ಣು ಗಮನಿಸುವುದಿಲ್ಲ.

ಅದರ ಬದಲು ಮೂರು ಹುಡುಕಾಟಗಳನ್ನು ಮಾಡಿ. ಈ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಮೊದಲನೆಯದು ಸೊನ್ನೆ. ಕನ್ನಡದ ಅಂಕಿಯಾದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಅವಸರದಲ್ಲಿ ಬೆರಳಚ್ಚು ಮಾಡುವವರು 'ಸಂಜೆ' ಎನ್ನುವಲ್ಲಿ 'ಸ೦ಜೆ' ಮಾಡಿರುತ್ತಾರೆ. ಎರಡನ್ನೂ ಮತ್ತೊಮ್ಮೆ ನೋಡಿ, ವ್ಯತ್ಯಾಸ ಕಾಣುವುದು ಕಷ್ಟ. ಆದರೆ ಕಂಪ್ಯೂಟರಿಗೆ ಒಂದು ಪದ, ಇನ್ನೊಂದು ನಡುವೆ ಅಂಕಿ ಸಿಕ್ಕಿಕೊಂಡ ತುಣುಕು. ಮೇಷ್ಟ್ರ ಪುಸ್ತಕದಲ್ಲಿ 'ಸಂಜೆ'ಯನ್ನು ಹುಡುಕಿದಾಗ ಏಳು ಕಡೆ ಸಿಕ್ಕಿತು, ಸೊನ್ನೆಯನ್ನು ಸರಿಪಡಿಸಿದ ಮೇಲೆ ಮೂವತ್ತೊಂದು ಕಡೆ. ಇ-ಪುಸ್ತಕದಲ್ಲಿ ಓದುಗರು ಹುಡುಕಿದರೆ ಇಪ್ಪತ್ತನಾಲ್ಕು ಸಂಜೆಗಳು ಕತ್ತಲಲ್ಲಿಯೇ ಉಳಿಯುತ್ತಿದ್ದವು. ನಿಮ್ಮ ಪುಸ್ತಕದಲ್ಲಿ 1, 2, 3 ಎಂಬ ಅಂಕಿಗಳಿದ್ದರೆ ಎಲ್ಲ ೦ಗಳನ್ನೂ ಒಂದೇ ಏಟಿಗೆ ಅನುಸ್ವಾರವಾಗಿಸಿ. ೧೦೦ ಎಂಬಂಥ ಕನ್ನಡ ಅಂಕಿಗಳಿದ್ದರೆ ಒಂದೊಂದನ್ನೇ ನೋಡಿ ಬದಲಾಯಿಸಿ, ಇಲ್ಲವಾದರೆ ನೂರರ ಸೊನ್ನೆಗಳೂ ಅನುಸ್ವಾರವಾಗುತ್ತವೆ.

ಎರಡನೆಯದು ಬೇಡದ ಒತ್ತು. 'ಸಾಫ್ಟ್ವೇರ್' ಎಂದು ಬಂದರೆ ವ ಅಕ್ಷರ ಟಕ್ಕೆ ಒತ್ತಾಗಿ ಅಂಟಿರುತ್ತದೆ, ನಮಗೆ ಬೇಕಾದದ್ದು 'ಸಾಫ್ಟ್‌ವೇರ್'. ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸಬೇಕು. ರೈಟರ್‌ನಲ್ಲಿ ಅರ್ಧಾಕ್ಷರದ ಪಕ್ಕದಲ್ಲಿ 200, ಅದಕ್ಕೆ ಅಂಟಿಕೊಂಡಂತೆ ಇಂಗ್ಲಿಷಿನ ಸಿ ಹಾಕಿ ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಗುರುತು ಬಂದು ಕೂರುತ್ತದೆ. ಮೂರನೆಯದು ಜೋಡಿ ಖಾಲಿಜಾಗ, ಪೂರ್ಣವಿರಾಮಕ್ಕೆ ಮುಂಚಿನ ಖಾಲಿಜಾಗ. ಹುಡುಕಿ ಬದಲಾಯಿಸಿದರೆ ಐದು ನಿಮಿಷದ ಕೆಲಸ.

ಇಷ್ಟಾದ ಮೇಲೆ ಪುಸ್ತಕವನ್ನು ಕಿವಿಯಿಂದ ಓದಿ. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರಿನಲ್ಲಿ 'ರೀಡ್ ಅಲೌಡ್' ಎಂಬ ಸೌಲಭ್ಯವಿದೆ, ಕನ್ನಡಕ್ಕೆ ಸಪ್ನಾ ಮತ್ತು ಗಗನ್ ಎಂಬ ಎರಡು ದನಿಗಳಿವೆ. ಕಡತವನ್ನು ಎಚ್‌ಟಿಎಂಎಲ್ ರೂಪದಲ್ಲಿ ಉಳಿಸಿ ಬ್ರೌಸರಿನಲ್ಲಿ ತೆರೆಯಿರಿ. ಪಿಡಿಎಫ್‌ನಿಂದ ಓದಿಸಿದರೆ ಒತ್ತಕ್ಷರಗಳು ಎಡವುವುದುಂಟು. ನನ್ನ ಎರಡನೆಯ ಸಂಕಲನವನ್ನು ಹೀಗೆ ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಕೇಳಿದೆ. ಒಂದೇ ಪುಟದಲ್ಲಿ ನಾಲ್ಕು ಸಲ 'ಅಷ್ಟರಲ್ಲಿ' ಬಂದಿತ್ತು. ನನ್ನ ಕಣ್ಣು ಹತ್ತು ಬಾರಿ ಆ ಪುಟದ ಮೇಲೆ ಹಾದಿತ್ತು, ಹಿಡಿದದ್ದು ಕಿವಿ. ದನಿಗೆ ಭಾವವಿಲ್ಲ ಎಂಬುದೇ ಇಲ್ಲಿ ಅನುಕೂಲ. ನಾವು ಓದಿದರೆ ವಾಕ್ಯದ ದೋಷವನ್ನು ನಮ್ಮ ಏರಿಳಿತ ಮುಚ್ಚಿಬಿಡುತ್ತದೆ, ಯಂತ್ರ ಏನನ್ನೂ ಮುಚ್ಚುವುದಿಲ್ಲ.

ಪುಟವಿನ್ಯಾಸಕ್ಕೆ ಬರೋಣ. ಕಥೆ, ಕಾದಂಬರಿ, ಪ್ರಬಂಧಗಳಿಗೆ ರೈಟರ್ ಸಾಕು. ಚಿತ್ರಗಳು ಹೆಚ್ಚಿದ್ದರೆ ಸ್ಕ್ರೈಬಸ್ ಒಳ್ಳೆಯದು, ಆದರೆ ಅದರ ಹಳೆಯ 1.4 ಆವೃತ್ತಿಗೆ ಕನ್ನಡದ ಒತ್ತುಗಳು ಬರುವುದಿಲ್ಲ, 1.6 ಹಾಕಿಕೊಳ್ಳಿ. ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಫಲಕದಲ್ಲಿ 'ವರ್ಲ್ಡ್-ರೆಡಿ ಕಂಪೋಸರ್' ಆಯ್ಕೆ ಮಾಡಿದ್ದಾರೆಯೇ ಎಂದು ಕೇಳಿ, ಇಲ್ಲವಾದರೆ ಒತ್ತುಗಳು ಕಳಚಿಕೊಳ್ಳುತ್ತವೆ. ನನ್ನ ಮೊದಲ ಪುಸ್ತಕದಲ್ಲಿ ಆದದ್ದು ಇದೇ. ವಿನ್ಯಾಸದ ಕಡತವನ್ನೇ ಒಂದು ಮುದ್ರಣಾಲಯಕ್ಕೆ ಕೊಟ್ಟಿದ್ದೆ, ಅವರು ಒಂದು ಪುಟವನ್ನು ತಿದ್ದಲು ತಮ್ಮ ಯಂತ್ರದಲ್ಲಿ ತೆರೆದರು. ಅಚ್ಚಾಗಿ ಬಂದ ಐನೂರು ಪ್ರತಿಗಳಲ್ಲಿ ಆ ಪುಟದ 'ರಾಷ್ಟ್ರ'ದ ಒತ್ತುಗಳು ಕಳಚಿ, ಅರ್ಧಾಕ್ಷರಗಳಾಗಿ ಸಾಲಾಗಿ ನಿಂತಿದ್ದವು. ಆ ಪುಟವನ್ನು ಇಂದಿಗೂ ತೆರೆದು ನೋಡಲು ಮನಸ್ಸಾಗುವುದಿಲ್ಲ. ಅಂದಿನಿಂದ ಮುದ್ರಣಾಲಯಕ್ಕೆ ಪಿಡಿಎಫ್ ಬಿಟ್ಟು ಬೇರೇನನ್ನೂ ಕೊಡುವುದಿಲ್ಲ. ಪಿಡಿಎಫ್ ತೆರೆದು ಪ್ರಾಪರ್ಟೀಸ್‌ನಲ್ಲಿ ಫಾಂಟುಗಳ ಪಟ್ಟಿ ನೋಡಿ. ಪ್ರತಿಯೊಂದರ ಮುಂದೆಯೂ 'ಎಂಬೆಡೆಡ್', ಅಂದರೆ ಫಾಂಟು ಕಡತದೊಳಗೇ ಸೇರಿದೆ, ಎಂದಿರಬೇಕು.

ಫಾಂಟುಗಳಲ್ಲಿ ಒಡಲಿಗೆ ತಿರೋ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ, ಶೀರ್ಷಿಕೆಗೆ ಅನೇಕ್ ಕನ್ನಡ ಅಥವಾ ಬಲೂ ತಮ್ಮ ನನಗೆ ಇಷ್ಟ. ಇವೆಲ್ಲ ಮುಕ್ತ ಪರವಾನಗಿಯವು, ಮಾರಾಟದ ಪುಸ್ತಕದಲ್ಲಿ ಬಳಸಲು ಯಾರ ಅನುಮತಿಯೂ ಬೇಡ. ಡೆಮಿ 1/8, ಅಂದರೆ ಐದೂವರೆಗೆ ಎಂಟೂವರೆ ಇಂಚಿನ ಪುಟಕ್ಕೆ ನಾನು 11.5 ಪಾಯಿಂಟ್ ಅಕ್ಷರ, 17 ಪಾಯಿಂಟ್ ಸಾಲಿನ ಅಂತರ ಇಡುತ್ತೇನೆ. ಇಂಗ್ಲಿಷ್ ಪುಸ್ತಕದ ಅಂತರವನ್ನು ಕನ್ನಡಕ್ಕೆ ಕೊಟ್ಟರೆ ಮೇಲಿನ ಸಾಲಿನ 'ಸ್ತ್ರೀ'ಯ ಒತ್ತು ಕೆಳಸಾಲಿನ 'ಥಿ'ಯ ಗುಡಿಸಿಗೆ ತಾಗುತ್ತದೆ. ನಮ್ಮ ಪದಗಳು ಉದ್ದವಾದದ್ದರಿಂದ ಎರಡೂ ಅಂಚು ಸಮ ಮಾಡಿದಾಗ ಸಾಲಿನ ನಡುವೆ ಹೊಂಡಗಳು ಬೀಳುತ್ತವೆ. ಅಂಥ ಸಾಲುಗಳಲ್ಲಿ ಪದವನ್ನು ಅಕ್ಷರದ ಗಡಿಯಲ್ಲಿ ಕೈಯಾರೆ ಮುರಿಯಿರಿ. ಕೊನೆಗೆ ಪುಟಗಳನ್ನು ಎಣಿಸಿ. ನನ್ನ ಪುಸ್ತಕಗಳು ಅಚ್ಚಾಗುವುದು ಹದಿನಾರು ಪುಟಗಳ ಫಾರಂ ಲೆಕ್ಕದಲ್ಲಿ. 160 ಪುಟ ಎಂದರೆ ಹತ್ತು ಫಾರಂ. 163 ಆದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಕಾಗದ. ಆ ಮೂರು ಪುಟಗಳನ್ನು ಅಧ್ಯಾಯಗಳ ನಡುವಿನ ಜಾಗದಿಂದಲೇ ಉಳಿಸಬಹುದು.

ಮುಖಪುಟಕ್ಕೆ ಇಂಕ್‌ಸ್ಕೇಪ್. ಅಕ್ಷರಗಳೆಲ್ಲ ಅಂತಿಮವಾದ ಮೇಲೆ ಪಾತ್ ಮೆನುವಿನ 'ಆಬ್ಜೆಕ್ಟ್ ಟು ಪಾತ್' ಕೊಟ್ಟು ಅವನ್ನು ಚಿತ್ರರೇಖೆಗಳನ್ನಾಗಿಸಿ, ಆಮೇಲೆ ಯಾವ ಯಂತ್ರವೂ ಅವನ್ನು ಒಡೆಯಲಾರದು. ತಿದ್ದಬಹುದಾದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿರಿ. ಬೆನ್ನಿನ ಅಗಲವನ್ನು ಕಾಗದ ಗೊತ್ತಾದ ಮೇಲೆ ಮುದ್ರಕರಿಂದಲೇ ಕೇಳಿ ತಿಳಿಯಿರಿ. ಐನೂರು ಪ್ರತಿಗಳ ಹಣ ಕೈಯಲ್ಲಿಲ್ಲದವರಿಗೆ ಬೆಂಗಳೂರಿನ ಪೋತಿ ಡಾಟ್ ಕಾಮ್‌ನಂಥ, ಬೇಡಿಕೆ ಬಂದಂತೆ ಅಚ್ಚು ಹಾಕುವ ವ್ಯವಸ್ಥೆಗಳಿವೆ.

ಇ-ಪುಸ್ತಕಕ್ಕೆ ಸಿಗಿಲ್ ಅಥವಾ ಕ್ಯಾಲಿಬರ್. ಭಾಷೆಯ ಜಾಗದಲ್ಲಿ ಕನ್ನಡ ಎಂದು ನಮೂದಿಸಿ, ಫಾಂಟನ್ನು ಒಳಗೇ ಸೇರಿಸಿ. ಮಾರಾಟಕ್ಕೆ ಗೂಗಲ್ ಪ್ಲೇ ಬುಕ್ಸ್ ಇದೆ, ನಮ್ಮವರೇ ಕಟ್ಟಿದ ಮೈಲ್ಯಾಂಗ್ ಇದೆ. ಕಿಂಡಲ್ 2016ರಲ್ಲಿ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಆ ಪಟ್ಟಿಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು, ಕನ್ನಡ ಇರಲಿಲ್ಲ. ಅದು ನನಗೆ ಇಂದಿಗೂ ನೋವಿನ ಸಂಗತಿ. ಹಾಗಾಗಿ ಅಲ್ಲಿಗೆ ಕಡತ ಸಿದ್ಧಪಡಿಸುವ ಮುಂಚೆ ಅವರ ಭಾಷೆಗಳ ಪಟ್ಟಿಯನ್ನು ನೋಡಿಕೊಳ್ಳಿ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಯಾರಿಗೂ ಹಣ ಕೊಡಬೇಡಿ. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಸ್ವಂತ ಪ್ರಕಾಶನದ ಲೇಖಕರೂ ಅದರ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಅಚ್ಚಿನ ಪುಸ್ತಕಕ್ಕೆ ಒಂದು ಸಂಖ್ಯೆ, ಇ-ಪುಸ್ತಕಕ್ಕೆ ಇನ್ನೊಂದು. ಪುಟವಿನ್ಯಾಸ ಶುರು ಮಾಡುವ ದಿನವೇ ಅರ್ಜಿ ಹಾಕಿ, ಇಲ್ಲವಾದರೆ ಅದೊಂದಕ್ಕಾಗಿ ಅಚ್ಚು ನಿಲ್ಲುತ್ತದೆ.

ಪುಸ್ತಕ ಕೈಗೆ ಬಂದ ಮೇಲೆ ಲೇಖಕರೇ ಪ್ರಕಾಶಕರಾದವರು ಮರೆಯುವ ಒಂದು ಕೆಲಸವಿದೆ. 1954ರ ಕಾಯ್ದೆಯಂತೆ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಕಾಯ್ದೆ ಹೆಸರಿಸುವ ಇತರ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಬೇಕು. ಮೇಷ್ಟ್ರ ಪುಸ್ತಕದ ಕಟ್ಟು ಬಂದ ದಿನ ಆ ಪ್ರತಿಗಳನ್ನು ಮೊದಲು ತೆಗೆದಿಟ್ಟು ವಿಳಾಸ ಬರೆದೆವು. ಅದೇ ದಿನ ಪಿಡಿಎಫ್, ರೈಟರ್ ಕಡತ, ಬಳಸಿದ ಫಾಂಟುಗಳು, ಮುಖಪುಟದ ಎರಡೂ ಪ್ರತಿಗಳು, ಎಲ್ಲವನ್ನೂ ಒಂದು ಕಡತಕೋಶಕ್ಕೆ ಹಾಕಿ ಮೂರು ಕಡೆ ಇಟ್ಟೆವು: ಅವರ ಪೆನ್‌ಡ್ರೈವ್, ನಮ್ಮ ಅಂಗಡಿಯ ಕಂಪ್ಯೂಟರು, ಅವರ ಮಗಳ ಇಮೇಲ್. ಸಿಡಿಯನ್ನು ಅವರು ಬಿಟ್ಟುಹೋಗಲಿಲ್ಲ. ಅದೇ ಎರಡು ಚೀಲಗಳಲ್ಲಿ ಸುತ್ತಿ, ಹೊಸ ಪುಸ್ತಕದ ಜೊತೆಗೆ ಮನೆಗೆ ಕೊಂಡೊಯ್ದರು.